ಮೊದಲು ಬೊಂಬೆ, ಆಮೇಲೆ ಪತ್ರ

ಸಾಗರ
15-9-2025

ತೀರ್ಥಹಳ್ಳಿಯ ಕನ್ನಡಕದಂಗಡಿ ಪೂರ್ಣೇಶ್ ಅವರಿಗೆ,

ಇವತ್ತು ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಈ ಪೆಟ್ಟಿಗೆಯೊಳಗಿನ ಬೊಂಬೆಯ ತಲೆ ಕಳಚಿಕೊಂಡು ಬಸ್ಸಿನ ಸೀಟಿನಡಿ ಉರುಳಿ ಹೋಯಿತು. ನಾನು ಬಗ್ಗಿ ತಡಕಾಡುತ್ತಿದ್ದೆ, ಕೈಗೆ ಬರೀ ಯಾರ್ಯಾರದೋ ಚಪ್ಪಲಿ ಸಿಗುತ್ತಿತ್ತು. ಕಂಡಕ್ಟರ್ ವಾಸಪ್ಪ ಬಂದು, ಮೈಗೆ ಪೂರಾ ಟಿಕೆಟ್ಟು, ತಲೆಗೆ ಅರ್ಧ ಅಂತ ಹರಿದು ಕೊಟ್ಟ. ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಅನ್ನುತ್ತಾರಲ್ಲ, ಅದಕ್ಕೇ ಎದ್ದವಳೇ ಪೆಟ್ಟಿಗೆ ಬಿಚ್ಚಿ ಕುತ್ತಿಗೆಗೆ ಇನ್ನೊಂದು ಸುತ್ತು ಹತ್ತಿ ಸುತ್ತಿ ಮತ್ತೆ ಕಟ್ಟಿದ್ದೇನೆ. ಬಿಚ್ಚಿದಾಗ ಮೊದಲು ತಲೆ ಇದೆಯೋ ನೋಡಿ.

ನಾನು ಮಹಾಲಕ್ಷ್ಮೀ. ನಿಮಗೆ ನನ್ನ ಪರಿಚಯ ಇಲ್ಲ. ನಿಮ್ಮನ್ನು ನಾನು ನೋಡಿದ್ದು ಮಗಳು ಸ್ವಾತಿಯ ಮೊಬೈಲಿನಲ್ಲಿ. ಜಪಾನಿನ ಕಾರ್ಟೂನಿನ ಬೊಂಬೆ, ಅದಕ್ಕೆ ಅನಿಮೆ ಅಂತಾರಂತೆ, ಅವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಇದು ಚೆನ್ನಾಗಿದೆ, ಇದು ದಂಡ ಅಂತ ಹೇಳುತ್ತೀರಲ್ಲ, ಅದನ್ನು ಅವಳು ಅನ್ನ ಉಣ್ಣುವಾಗಲೂ ನೋಡುತ್ತಾಳೆ. ನಾನು ಬಡಿಸುತ್ತಾ ನಿಂತು ನೋಡುತ್ತೇನೆ. ಯಾರಾದರೂ ಬೊಂಬೆ ತೋರಿಸುವುದಿದ್ದರೆ ಬಸ್ಸಿಗೆ ಹಾಕಿ ಕಳಿಸಿ, ಜೊತೆಗೆ ಒಂದು ಪತ್ರ ಇಡಿ, ಫೋನ್ ಮಾಡಬೇಡಿ, ಫೋನಿನಲ್ಲಿ ಎಲ್ಲರೂ ತಮ್ಮ ಬೊಂಬೆಯನ್ನು ಹೊಗಳುತ್ತಾರೆ ಅಂದಿದ್ದಿರಿ. ನನಗೂ ಅದೇ ಒಳ್ಳೆಯದು. ಫೋನಿನಲ್ಲಿ ನನಗೆ ಅರ್ಧ ಮಾತು ಮರೆತು ಹೋಗುತ್ತದೆ. ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬೊಂಬೆ ಕೂಡಿಡುವವರೆಲ್ಲ ಸೇರುತ್ತಾರೆ, ಅಲ್ಲಿ ಹೊಸಬರಿಗೆ ಒಂದು ಮೇಜು ಇದೆ, ಅದಕ್ಕೆ ನಮ್ಮ ಕಡೆಯಿಂದ ಒಂದನ್ನು ನೀವು ಆರಿಸಬೇಕು ಅಂತಲೂ ಹೇಳಿದಿರಿ. ಅವಳ ಬೊಂಬೆ ಆ ಮೇಜಿನ ಮೇಲೆ ನಿಲ್ಲುತ್ತದೋ ಇಲ್ಲವೋ, ಅಷ್ಟೇ ನನಗೆ ತಿಳಿಯಬೇಕು.

ಇದು ಅಂಗಡಿಯಲ್ಲಿ ಕೊಂಡದ್ದಲ್ಲ. ಸ್ವಾತಿ ಮಾಡಿದ್ದು. ಅವಳು ಹೊಸನಗರದಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಭಾನುವಾರ ಮನೆಗೆ ಬರುತ್ತಾಳೆ. ಲ್ಯಾಬಿನ ಮಂಜುನಾಥಪ್ಪನವರು ಮಿಕ್ಕಿದ ಮೇಣ, ಒಸಡು ಮಾಡುವ ಗುಲಾಬಿ ಪುಡಿ ತಗೊಂಡು ಹೋಗಮ್ಮ ಅಂದಿದ್ದಾರೆ. ಅದರಲ್ಲೇ ಅಚ್ಚು ಹಾಕಿದ್ದು. ಗೇಣುದ್ದದ ಹುಡುಗಿ, ಕೈ ಕಾಲು ಕತ್ತು ಎಲ್ಲ ತಿರುಗುತ್ತದೆ. ಯಾವ ಕಾರ್ಟೂನಿನವಳೂ ಅಲ್ಲ, ಇವಳೇ ಕಲ್ಪಿಸಿಕೊಂಡದ್ದು. ಕಣ್ಣು ಕೂದಲು ಜಪಾನಿನದು, ತಲೆಯ ಮೇಲಿನ ಬುಟ್ಟಿ ನಮ್ಮದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ, ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತೇವೆ. ನಮ್ಮ ಮನೆಯಲ್ಲಿ ಅದನ್ನು ಹೊರುವುದು ಗಂಡಸರು, ನೀನು ತಪ್ಪು ಮಾಡಿದ್ದೀ ಅಂದೆ. "ಇವಳು ಹೊರ್ತಾಳೆ ಅಮ್ಮ, ನಿಂಗೆಂತ ಕಷ್ಟ" ಅಂದಳು.

ನಾನು ಏಳನೇ ಕ್ಲಾಸು, ಅದೂ ನಡುವೆ ಎರಡು ಸಲ ಬಿಟ್ಟು ಸೇರಿದವಳು. ಬೊಂಬೆಯ ಗುಣ ನೋಡುವುದು ನನಗೆ ಗೊತ್ತಿಲ್ಲ. ಆದರೆ ಮದುವೆ ಮನೆಗಳಲ್ಲಿ ಹಸೆ ಗೋಡೆಗೆ ಚಿತ್ತಾರ ಬರೆದ ಕೈ ನನ್ನದು. ಆ ನಿಂಬೆಹಣ್ಣಿನಷ್ಟು ಬುಟ್ಟಿಯ ಮೇಲೆ ಅವಳು ಎಳೆದ ಎಳೆ ಒಂದೂ ನಡುಗಿಲ್ಲ. ಅದನ್ನು ನೋಡಿದ ದಿನ ನಾನು ಹಿತ್ತಲಿಗೆ ಹೋಗಿ ನಿಂತೆ.

ಅವಳಿಗೆ ಪುರುಸೊತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮುಖ್ಯವಾದ್ದು ಒಂದು: ಎಡಗಿವಿಯ ಹಿಂದೆ ಒಂದು ಕಾಡಿಗೆ ಬೊಟ್ಟು ಇಟ್ಟಿದ್ದೇನೆ. ದೂರ ಹೋಗುವ ವಸ್ತು, ಎಷ್ಟು ಜನರ ಕಣ್ಣು ಬೀಳುತ್ತದೋ. ಅದನ್ನು ಒರೆಸಬೇಡಿ, ಬೊಂಬೆ ವಾಪಸ್ ಬಂದ ಮೇಲೆ ನಾನೇ ತೆಗೆಯುತ್ತೇನೆ.

ಮಹಾಲಕ್ಷ್ಮೀ ಕೃಷ್ಣಕುಮಾರ್

*

ತೀರ್ಥಹಳ್ಳಿ
19-9-2025

ಮಹಾಲಕ್ಷ್ಮಮ್ಮನವರಿಗೆ,

ತಲೆ ಇದೆ.

ನನ್ನದೊಂದು ಪದ್ಧತಿ ಇದೆ. ಮೊದಲು ಬೊಂಬೆ, ಆಮೇಲೆ ಪತ್ರ. ಪತ್ರ ಮೊದಲು ಓದಿದರೆ ಬೊಂಬೆ ಕಾಣುವುದಿಲ್ಲ, ಬರೆದವರ ಮುಖ ಕಾಣುತ್ತದೆ. ಹಾಗಾಗಿ ಈ ಕೆಳಗಿನದು ನಿಮ್ಮ ಪತ್ರ ಬಿಚ್ಚುವ ಮುಂಚೆ, ಅಂಗಡಿಯ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಬರೆದದ್ದು.

ಯಾವ ಕಂಪನಿಯದೆಂದು ಗೊತ್ತಾಗಲಿಲ್ಲ. ಪಾದದಡಿ ಮುದ್ರೆ ಇಲ್ಲ. ವಸ್ತು ಯಾವುದೋ ಗಟ್ಟಿ ಗುಲಾಬಿ ಪ್ಲಾಸ್ಟಿಕ್ಕು, ಇದನ್ನು ನಾನು ಈವರೆಗೆ ಯಾವ ಫಿಗರಿನಲ್ಲೂ (ಇಂಥ ಬೊಂಬೆಗೆ ನಾವು ಹಾಗೆ ಅನ್ನುತ್ತೇವೆ) ಕಂಡಿಲ್ಲ. ಬುಟ್ಟಿ ಬೇರೆಯಾಗಿ ಬರುತ್ತದೆ, ತೆಗೆದಿಟ್ಟು ನೋಡಿದೆ. ಕೂದಲಿನ ಎಳೆಗಳು ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು, ಗಾಳಿ ಒಂದೇ ಕಡೆಯಿಂದ ಬೀಸಿದ ಹಾಗಿದೆ. ಇದು ಕಲಿಸಿ ಬರುವ ಕೆಲಸವಲ್ಲ. ಬಟ್ಟೆಯ ಮಡಿಕೆ ಚೆನ್ನ. ಬೆರಳುಗಳು ತುಂಬ ಚೆನ್ನ. ಬುಟ್ಟಿಯ ಮೇಲಿನ ಗೆರೆಗಳನ್ನು ಯಂತ್ರ ಎಳೆದಿದೆಯೆಂದು ಮೊದಲು ಬರೆದು, ಆಮೇಲೆ ಹೊಡೆದು ಹಾಕಿದ್ದೇನೆ.

ಇನ್ನು ದೋಷ. ಎಡತೋಳಿನ ಒಳಗೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಉಳಿದಿದೆ, ಉಜ್ಜಬೇಕಿತ್ತು. ಬಲ ಮೊಣಕಾಲು ಸಡಿಲ. ಬೆಳಿಗ್ಗೆ ನಿಲ್ಲಿಸಿದವಳು ಊಟದ ಹೊತ್ತಿಗೆ ಕೂತಿದ್ದಳು. ಎಡಗಣ್ಣು ಬಲಗಣ್ಣಿಗಿಂತ ಕೂದಲೆಳೆಯಷ್ಟು ಮೇಲಿದೆ. ಮುಖದಲ್ಲಿ ಅಷ್ಟು ತಪ್ಪಿದರೂ ತಪ್ಪೇ. ಎಡಗಿವಿಯ ಹಿಂದೆ ಬೇಳೆಯಷ್ಟು ಜಾಗದಲ್ಲಿ ಮೈಬಣ್ಣ ತೆಳುವಾಗಿ ಒಳಗಿನ ಗುಲಾಬಿ ಕಾಣುತ್ತಿದೆ. ಈ ಸ್ಥಿತಿಯಲ್ಲಿ ಮೇಜಿಗೆ ಕಳಿಸಲಾರೆ.

ಇಲ್ಲಿಗೆ ಬೊಂಬೆಯ ಮಾತು ಮುಗಿಯಿತು. ಈಗ ನಿಮ್ಮ ಪತ್ರ ಓದಿದೆ.

ಹಲ್ಲಿನ ಸೆಟ್ಟಿನ ವಸ್ತು ಅಂತ ತಿಳಿದು ಒಬ್ಬನೇ ನಕ್ಕೆ. ನಮ್ಮ ಅಪ್ಪ ಮಂಜಯ್ಯನವರ ಬಾಯಲ್ಲೂ ಅದೇ ಇದೆ, ದಿನಾ ಲೋಟದ ನೀರಿನಲ್ಲಿ ನೋಡುತ್ತೇನೆ, ಗುರುತು ಸಿಗಲಿಲ್ಲ. ನಿಮ್ಮ ಮಗಳು ಒಬ್ಬಳೇ ಮಾಡಿದ್ದೆಂದು ಮೊದಲೇ ಗೊತ್ತಿದ್ದರೂ ದೋಷಗಳನ್ನು ಹೀಗೇ ಬರೆಯುತ್ತಿದ್ದೆ. ಹೊಗಳಿಕೆಯನ್ನು ಮಾತ್ರ ಸ್ವಲ್ಪ ಕಡಿಮೆ ಮಾಡುತ್ತಿದ್ದೆನೋ ಏನೋ, ನಂಬಿಕೆ ಬಾರದೆ. ಅಕ್ಟೋಬರ್ ಮಧ್ಯದೊಳಗೆ ಸರಿಪಡಿಸಿ ಕಳಿಸಿದರೆ ಇನ್ನೊಮ್ಮೆ ನೋಡುತ್ತೇನೆ.

ಬೊಟ್ಟಿನ ವಿಚಾರ ಓದಿದೆ. ತಿಳಿಯಿತು.

ಬೊಂಬೆ ಇನ್ನೂ ಎರಡು ದಿನ ನನ್ನ ಬಳಿ ಇರಲಿ.

ಪೂರ್ಣೇಶ್

*

ಸಾಗರ
22-9-2025

ಪೂರ್ಣೇಶ್ ಅವರಿಗೆ,

ನಿಮ್ಮ ಪತ್ರವನ್ನು ವಾಸಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ. ಪೆಟ್ಟಿಗೆ ಇಲ್ಲದೆ ಬರೀ ಪತ್ರ ಬಂದದ್ದು ನೋಡಿ, ಪೆಟ್ಟಿಗೆ ಎಲ್ಲಿ ಅಂತ ಅವನನ್ನು ಎರಡು ಸಲ ಕೇಳಿದೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಓದಿದೆ. ಕಿವಿಯ ಹಿಂದಿನ ಸಾಲು ಬಂದ ಮೇಲೆ ಮುಂದೆ ಓದಲಿಕ್ಕಾಗಲಿಲ್ಲ.

ಅದು ನನ್ನ ಕಾಡಿಗೆಯ ಕೆಲಸ. ಬೇರೆ ಯಾರದೂ ಅಲ್ಲ. ನಾನು ಮನೆಯಲ್ಲೇ ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡುವ ಕಾಡಿಗೆ, ಎಣ್ಣೆ ಜಾಸ್ತಿ. ಆ ಎಣ್ಣೆ ಬಣ್ಣವನ್ನು ತಿಂದು ಹಾಕಿದೆ. ಒಳ್ಳೆಯದಾಗಲಿ ಅಂತ ಇಟ್ಟ ಬೊಟ್ಟು ಒಳಗೇ ಕೊರೆಯಿತಲ್ಲ. ಅವಳು ಮೈಬಣ್ಣ ಹಾಕುವಾಗ ಉಸಿರು ಬಿಗಿ ಹಿಡಿದು ಕೂರುತ್ತಿದ್ದಳು, ನಾನು ಪಾತ್ರೆ ಸದ್ದು ಮಾಡಿದರೂ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ನಿಮಗೆ ಹೇಳಿರಲಿಲ್ಲ. ಬೊಂಬೆ ಕಳಿಸಿದ್ದು ಸ್ವಾತಿಗೆ ಗೊತ್ತಿಲ್ಲ. ಪುರುಸೊತ್ತಿಲ್ಲ ಅಂತ ಬರೆದದ್ದು ಸುಳ್ಳು. ಇನ್ನೂ ಮುಗಿದಿಲ್ಲ, ಮುಂದಿನ ವರ್ಷ ನೋಡೋಣ ಅಂತ ಅವಳು ಕಪಾಟಿನಲ್ಲಿ ಇಟ್ಟಿದ್ದಳು. ಅವಳ ಮುಂದಿನ ವರ್ಷ ಯಾವತ್ತೂ ಬರುವುದಿಲ್ಲ, ಅದರಲ್ಲಿ ಅವಳು ನನ್ನ ಮಗಳೇ. ಅದಕ್ಕೇ ಅವಳು ಹೊಸನಗರದ ಬಸ್ಸು ಹತ್ತಿದ ಮೇಲೆ ನಾನು ಪೆಟ್ಟಿಗೆ ಕಟ್ಟಿದೆ.

ನಿನ್ನೆ ಭಾನುವಾರ ಬಂದವಳೇ ಕಪಾಟು ತೆಗೆದಳು. "ಅಮ್ಮ, ಬುಟ್ಟಿ ಹುಡುಗಿ ಎಲ್ಲಿ?" ಅಂದಳು. ನನ್ನ ಬಾಯಿಗೆ ಬಂದದ್ದು, "ಇಲಿ ಕಾಟ ಮಾರಾಯ್ತಿ, ಒಳಗೆ ಟ್ರಂಕಿನಲ್ಲಿಟ್ಟಿದ್ದೇನೆ" ಅಂತ. ನಮ್ಮನೆಯವರಿಗೆ ಎಲ್ಲ ಗೊತ್ತು. ಬಸ್ಸಿಗೆ ಹಾಕಿ ಬಂದದ್ದೇ ಅವರು. ಪಂಕ್ಚರ್ ಅಂಗಡಿ ಇಟ್ಟವರಿಗೆ ಎಲ್ಲ ಬಸ್ಸಿನವರೂ ದೋಸ್ತಿ. ಕಾಫಿ ಕುಡಿಯುತ್ತಾ ಕೂತವರು, "ಹೌದು ಹೌದು, ದೊಡ್ಡ ಇಲಿ. ಈಗ ತೀರ್ಥಹಳ್ಳಿ ಕಡೆ ಹೋಗಿದೆ ಅಂತ ಸುದ್ದಿ" ಅಂದರು. ನಾನು ಕಣ್ಣು ಬಿಟ್ಟೆ. ಅವಳು ನಕ್ಕಳು. ನಗುವವಳಿಗೆ ಸುಳ್ಳು ಹೇಳುವುದು ಸಿಟ್ಟಾಗುವವಳಿಗೆ ಹೇಳುವುದಕ್ಕಿಂತ ಕಷ್ಟ.

ಮೊಣಕಾಲು, ತೋಳಿನ ಗೆರೆ ನಿಮ್ಮ ಮಾತು ಸರಿ ಇರಬಹುದು. ಕಣ್ಣಿನ ವಿಚಾರ ಮಾತ್ರ ಒಪ್ಪುವುದಿಲ್ಲ. ಅದು ತಪ್ಪಲ್ಲ. ನಮ್ಮ ಅತ್ತೆ ಶೇಷಮ್ಮನವರಿಗೂ ಎಡಗಣ್ಣು ಒಂಚೂರು ಮೇಲೆ, ಸ್ವಾತಿಗೂ ಹಾಗೇ. ಕನ್ನಡಿ ನೋಡಿ ಬರೆದಿದ್ದಾಳೆ, ಬಂದದ್ದು ಬಂದಿದೆ. ಮನೆತನದ ಕಣ್ಣಿಗೆ ಯಾರೂ ಮಾರ್ಕು ಕಡಿಮೆ ಮಾಡುವುದಿಲ್ಲ.

ಕಿವಿಯ ಹಿಂದೆ ಹಚ್ಚಲಿಕ್ಕೆ ಏನಾದರೂ ಇದೆಯೋ ತಿಳಿಸಿ. ಬರುವ ಭಾನುವಾರದೊಳಗೆ ಬೊಂಬೆ ಮನೆ ಸೇರಲೇಬೇಕು. ಕೈ ಮುಗಿದು ಕೇಳುತ್ತೇನೆ.

ಮಹಾಲಕ್ಷ್ಮೀ

*

ತೀರ್ಥಹಳ್ಳಿ
24-9-2025

ಅಮ್ಮ,

ನಿಮ್ಮ ಕಾಡಿಗೆ ಏನೂ ಮಾಡಿಲ್ಲ. ಮಾಡಿದ್ದು ನಾನು.

ಬೊಂಬೆ ಬಿಚ್ಚಿದಾಗ ಕಿವಿಯ ಹಿಂದೆ ಕಪ್ಪು ಚುಕ್ಕೆ ಕಂಡಿತು. ಕೊಳೆಯೋ, ಬಣ್ಣ ಸಿಡಿದದ್ದೋ ತಿಳಿಯಲು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಚುಕ್ಕೆ ಹೋಯಿತು. ಜೊತೆಗೆ ಮೈಬಣ್ಣವೂ ಬಂತು. ನಿಮ್ಮ ಪತ್ರ ಪಕ್ಕದಲ್ಲೇ ಮಡಿಸಿಕೊಂಡು ಬಿದ್ದಿತ್ತು. ಒರೆಸಬೇಡಿ ಅಂತ ಅದರಲ್ಲಿ ಬರೆದದ್ದನ್ನು ಓದಿದ್ದು ಆಮೇಲೆ.

ಅಷ್ಟಾದರೂ ಆ ಕಲೆಯನ್ನು ಬೊಂಬೆಯ ದೋಷ ಅಂತಲೇ ಬರೆದು ಕಳಿಸಿದೆ. ಮೇಲಿನ ಕೋಟ್ ಗಟ್ಟಿ ಇದ್ದಿದ್ದರೆ ಬಣ್ಣ ಏಳುತ್ತಿರಲಿಲ್ಲ ಅಂತ ನನ್ನಷ್ಟಕ್ಕೆ ವಾದ ಮಾಡಿಕೊಂಡಿದ್ದೆ. ನೀವು ನಿಮ್ಮ ಕಾಡಿಗೆಯನ್ನು ಬೈದು ಬರೆದ ಪತ್ರ ಓದಿದ ಮೇಲೆ ಆ ವಾದ ಉಳಿಯಲಿಲ್ಲ. ಬೇರೆಯವರ ಬೊಂಬೆಯಲ್ಲಿ ಕೂದಲೆಳೆ ತಪ್ಪು ಹುಡುಕುವವನು ನಾನು.

ನಷ್ಟ ನಾನು ಮಾಡಿದ್ದು, ಆದ್ದರಿಂದ ಪರಿಹಾರವೂ ನನ್ನದೇ ಇರಲಿ. ನಿಮ್ಮ ಮಗಳ ಬೊಂಬೆಗೆ ಹೊಸಬರ ಮೇಜಿನಲ್ಲಿ ಜಾಗ ಕೊಡುತ್ತೇನೆ. ಈಗ ಇರುವ ಹಾಗೇ. ಕಿವಿ ಗೋಡೆಯ ಕಡೆ ಬರುವಂತೆ ನಿಲ್ಲಿಸಿದರಾಯಿತು. ಮೊಣಕಾಲಿಗೆ ಹಿಂದಿನಿಂದ ಒಂದು ಆಸರೆ ಕೊಡೋಣ. ಇನ್ನೊಮ್ಮೆ ಕಳಿಸುವ ತೊಂದರೆ ಬೇಡ, ಒಂದು ಹೂಂ ಬರೆಯಿರಿ ಸಾಕು.

ಬೊಂಬೆ ಇದೇ ಪೆಟ್ಟಿಗೆಯಲ್ಲಿದೆ. ಕುತ್ತಿಗೆಗೆ ನೀವು ಸುತ್ತಿದ್ದ ಹಾಗೇ ಹತ್ತಿ ಸುತ್ತಿದ್ದೇನೆ.

ಪೂರ್ಣೇಶ್

*

ಸಾಗರ
29-9-2025

ಪೂರ್ಣೇಶ್ ಅವರಿಗೆ,

ನೀವು ಕೇಳಿದ ಹೂಂ ಈ ಪತ್ರದಲ್ಲಿ ಇಲ್ಲ. ಏನಾಯಿತು ಅಂತ ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ.

ನಿಮ್ಮ ಪತ್ರ ಓದಿ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಮೇಜು ಸಿಕ್ಕಿತಲ್ಲ ಅಂತ. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಅದೇ ದೀಪದ ಎದುರು ಕೂತು ಚಿಂತೆ ಹತ್ತಿಕೊಂಡಿತು. ಮೇಜು ಸಿಕ್ಕಿದ್ದು ಅವಳಿಗೆ ಹೇಳಬೇಕಾದರೆ ಇಲಿಯ ಕಥೆಯೂ ಹೇಳಬೇಕು. ನಮ್ಮನೆಯವರ ಹತ್ತಿರ, ನೀವೇ ಹೇಳಿ ಅಂದೆ. "ಬಸ್ಸಿಗೆ ಹಾಕುವುದು ನನ್ನ ಕೆಲಸ, ಬಾಯಿ ಹಾಕುವುದು ನಿನ್ನ ಕೆಲಸ" ಅಂದರು.

ನಿನ್ನೆ ಅವಳು ಬಂದು ಕೈಕಾಲು ತೊಳೆದು ಕೂತಳು. ನಾನು ಬೊಂಬೆಯನ್ನು ಎದುರಿಗಿಟ್ಟು, ನಿಮ್ಮ ಎರಡೂ ಪತ್ರ ಪಕ್ಕಕ್ಕಿಟ್ಟು, ಅಡಿಗೆಮನೆ ಬಾಗಿಲಲ್ಲಿ ನಿಂತೆ. ಅವಳು ಪತ್ರ ಮುಟ್ಟಲಿಲ್ಲ. ಮೊದಲು ಬೊಂಬೆಯನ್ನೇ ಎತ್ತಿಕೊಂಡಳು. ಹಲ್ಲು ನೋಡುವ ಪುಟ್ಟ ಕನ್ನಡಿ ಬ್ಯಾಗಿನಲ್ಲಿತ್ತು, ಅದನ್ನು ಕಿವಿಯ ಹಿಂದೆ ಹಿಡಿದು ನೋಡಿದಳು. ಆಮೇಲೆ ಪತ್ರಗಳನ್ನು ಓದಿದಳು. ಸಿಟ್ಟು ಮಾಡುತ್ತಾಳೆ ಅಂತ ನಾನು ಸೆರಗು ಹಿಂಡುತ್ತಾ ನಿಂತಿದ್ದೆ.

"ಬೊಟ್ಟು ಎಂತಕ್ಕೆ ಇಟ್ಟೆ ಅಮ್ಮ?"

"ದೃಷ್ಟಿ ತಾಗಬಾರದು ಅಂತ ಕಣೆ."

"ದೃಷ್ಟಿ ತಾಗ್ಲಿ ಅಂತಲೇ ಅಲ್ವಾ ನಾನು ಮಾಡಿದ್ದು. ಜನ ನೋಡದೆ ಇದ್ರೆ ಬೊಂಬೆ ಎಂತಕ್ಕೆ? ನಂಗೆ ಬೇಕಾದ್ರೆ ದಿನಾ ಎರಡು ಬೊಟ್ಟು ಇಡು. ಅವಳಿಗೆ ಬೇಡ."

ಮೇಜಿನ ವಿಚಾರ ಎತ್ತಿದೆ. ಜಾಗ ಕೊಟ್ಟಿದ್ದಾರಲ್ಲ, ಹೂಂ ಅಂತ ಬರೆದುಬಿಡಲಾ ಅಂದೆ.

"ಬೇಡ."

"ಎಂತ ಬೇಡ? ವರ್ಷಗಟ್ಟಲೆ ಕೂತು ಮಾಡಿದ್ದೀಯ."

"ಅದಕ್ಕೇ ಬೇಡ. ಅವರು ಒರೆಸಿದ್ದಕ್ಕೆ ಕೊಟ್ಟ ಜಾಗ ಅದು. ಅಲ್ಲಿ ನಿಂತರೆ ಇವಳು ಬೊಂಬೆ ಅಲ್ಲ, ಅವರು ಕಟ್ಟಿದ ದಂಡ. ಗೋಡೆ ಕಡೆ ಕಿವಿ ತಿರುಗಿಸಿ ನಿಲ್ಲೋ ಹುಡುಗಿಯನ್ನ ನಾನು ಮಾಡಿಲ್ಲ."

ನಮ್ಮನೆಯವರು ಪೇಪರ್ ಕೆಳಗಿಟ್ಟು, "ಹಾಗಾದ್ರೆ ಜಾಗ ಯಾರಿಗೆ ಹೋಗ್ತದೆ?" ಅಂದರು.

"ಚೆನ್ನಾಗಿ ಮಾಡಿದವರಿಗೆ ಹೋಗ್ತದೆ ಅಪ್ಪ. ನಂದು ಚೆನ್ನಾಗಿದ್ರೆ ನಂಗೆ."

ಇಷ್ಟು ಹೇಳಿ ಬೊಂಬೆಯ ತಲೆಯನ್ನು ಟಕ್ ಅಂತ ಕಳಚಿದಳು. ತಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದಳು. ಬಣ್ಣದ ಬಗ್ಗೆ ನಿಮ್ಮ ಮಾತು ಸರಿಯಂತೆ. ಮೇಲಿನ ಕೋಟು ಅಲ್ಲಿ ಹಾಕಿರಲೇ ಇಲ್ಲ, ಕಾಣದ ಜಾಗ ಅಂತ ಬಿಟ್ಟಿದ್ದಳಂತೆ. ನೀವು ಒರೆಸದಿದ್ದರೂ ನಾಳೆ ಯಾರದೋ ಬೆವರು ಕೈಗೆ ಬಣ್ಣ ಏಳುತ್ತಿತ್ತು ಅಂದಳು. ತಲೆ ಹೊಸದಾಗಿ ಹೊಯ್ಯುತ್ತಾಳೆ. ಮೊಣಕಾಲಿಗೆ ಹಲ್ಲಿಗೆ ಹಾಕುವ ತಂತಿಯ ಗೂಟ ಕೂರಿಸುತ್ತಾಳೆ. ತೋಳು ಉಜ್ಜುತ್ತಾಳೆ.

ಕಣ್ಣು ಮಾತ್ರ ತಿದ್ದುವುದಿಲ್ಲವಂತೆ. ಶೇಷಮ್ಮಜ್ಜಿ ಕಣ್ಣು ಅಂತ ನಾನು ನಿಮಗೆ ಬರೆದದ್ದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹೇಳಿದ್ದೂ ತಪ್ಪು, ನೀವು ಹೇಳಿದ್ದೂ ತಪ್ಪು. ಕಾರಣ ಬೇರೆ ಇದೆ. ನನಗೆ ತೋರಿಸಿದಳು. ನೋಡುವವರಿಗೆ ತಾನಾಗಿ ಕಾಣಬೇಕು, ಬರೆದು ತಿಳಿಸಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಅದಕ್ಕೆ ಬರೆಯುವುದಿಲ್ಲ. ಬರೆಯದೆ ಇರುವುದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ನೀವು ಕೊಟ್ಟ ಜಾಗವನ್ನು ವಾಪಸ್ ಕೊಡುತ್ತಿದ್ದೇವೆ. ಬೇಜಾರು ಮಾಡಿಕೊಳ್ಳಬೇಡಿ. ಅವಳು ಬೇಡ ಅಂದಾಗ ಮೊದಲು ನನಗೆ ಸಿಟ್ಟೇ ಬಂತು. ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ಯಾಕೋ ಬೆನ್ನು ನೆಟ್ಟಗಾಯಿತು. ನಾನು ನನ್ನ ಜೀವಮಾನದಲ್ಲಿ ಯಾರು ಏನು ಕೊಟ್ಟರೂ ಬೇಡ ಅಂದವಳಲ್ಲ.

ಮಹಾಲಕ್ಷ್ಮೀ

*

ಸಾಗರ
13-10-2025

ಪೂರ್ಣೇಶ್ ಅವರಿಗೆ,

ಈ ಸಲ ಪೆಟ್ಟಿಗೆಯಲ್ಲಿ ಪತ್ರ ಇಡಬೇಕು, ಆದರೆ ಅದರಲ್ಲಿ ಏನೂ ಬರೆಯಬಾರದು ಅಂತ ಅಪ್ಪಣೆಯಾಗಿದೆ. ಬೊಟ್ಟು ಇಟ್ಟಿಲ್ಲ.

ಮಹಾಲಕ್ಷ್ಮೀ

*

ತೀರ್ಥಹಳ್ಳಿ
17-10-2025

ಮಹಾಲಕ್ಷ್ಮಮ್ಮನಿಗೆ,

ಈ ಸಲ ಪದ್ಧತಿ ಮುರಿದು ಪತ್ರ ಮೊದಲು ಬಿಚ್ಚಿದೆ. ಅದರಲ್ಲಿ ಏನೂ ಇರಲಿಲ್ಲ. ನನಗೆ ತಕ್ಕ ಶಾಸ್ತಿ.

ಜಾಗ ವಾಪಸ್ ಕೊಟ್ಟ ನಿಮ್ಮ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಸ್ವಲ್ಪ ಕೊಬ್ಬು ಇತ್ತು, ಕೊಟ್ಟದ್ದನ್ನು ಬೇಡ ಅನ್ನುವ ಇವರು ಯಾರು ಅಂತ. ಎರಡನೆಯದು ಬರೀ ಕ್ಷಮೆ. ಎರಡೂ ಬೊಂಬೆಗೆ ಸಂಬಂಧಪಟ್ಟದ್ದಲ್ಲ. ಈಗ ಬರೆಯುವುದು ಬೊಂಬೆಯ ಮಾತು.

ತೋಳಿನ ಗೆರೆ ಇಲ್ಲ. ಉಗುರಿನಿಂದ ಸವರಿದರೂ ಸಿಗುವುದಿಲ್ಲ. ಮೊಣಕಾಲು ಮಡಿಸಿದಲ್ಲಿ ನಿಲ್ಲುತ್ತದೆ. ಸೋಮವಾರ ಸಂಜೆ ನಿಲ್ಲಿಸಿದವಳು ಇವತ್ತಿಗೂ ನಿಂತಿದ್ದಾಳೆ, ನಮ್ಮ ಅಪ್ಪ ಅಂಗಡಿಗೆ ಬಂದಾಗಲೆಲ್ಲ "ಕೂತ್ಕೊಳೆ ಹುಡುಗಿ, ಕಾಲು ನೋಯ್ತದೆ" ಅನ್ನುತ್ತಾರೆ. ಕಿವಿಯ ಹಿಂದೆ ಮೈಬಣ್ಣ ಒಂದೇ ಹದ. ಸ್ವಾತಿಯವರ ಅನುಮತಿ ಇಲ್ಲದೆ ಸ್ಪಿರಿಟ್ ಮುಟ್ಟಿಸಿ ನೋಡುವ ಧೈರ್ಯ ನನಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಏನೂ ಆಗಲಿಲ್ಲ.

ಕಣ್ಣು. ಬಂದ ದಿನ ಬುಟ್ಟಿ ತೆಗೆದಿಟ್ಟು ಅಳೆದೆ. ಹೊಸ ತಲೆಯಲ್ಲೂ ಎಡಗಣ್ಣು ಅಷ್ಟೇ ಮೇಲೆ. ಮೊಂಡು ಹುಡುಗಿ ಅಂದುಕೊಂಡೆ. ಮಾರನೇ ದಿನ ಒಬ್ಬರು ಕನ್ನಡಕ ಸೆಟ್ಟಾಗಲಿಲ್ಲ ಅಂತ ಬಂದರು. ಹೊಸ ಕನ್ನಡಕ ಕೊಟ್ಟಾಗ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ನೋಡುತ್ತೇವೆ, ಸರಿ ಇತ್ತು. ಅವರು ಬಾಗಿಲಿನ ಹತ್ತಿರ ಹೋಗಿ ಚೀಲ ಹೆಗಲಿಗೇರಿಸಿಕೊಂಡರು ನೋಡಿ, ಕತ್ತು ವಾಲಿತು, ಕನ್ನಡಕ ಸೊಟ್ಟ ಆಯಿತು. ಅವರನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬುಟ್ಟಿಯನ್ನು ಬೊಂಬೆಯ ತಲೆಯ ಮೇಲಿಟ್ಟೆ. ಬುಟ್ಟಿಯ ತಳದಲ್ಲಿ ಭಾರ ತುಂಬಿದ್ದಾರೆ ಅಲ್ಲವೇ? ಕತ್ತು ಒಂಚೂರು ಎಡಕ್ಕೆ ವಾಲಿತು. ಕಣ್ಣು ಎರಡೂ ಒಂದೇ ಮಟ್ಟಕ್ಕೆ ಬಂದು ನೇರ ನನ್ನನ್ನೇ ನೋಡಿದವು.

ನಾನು ಹೊರೆ ಇಳಿಸಿ ಅಳೆದಿದ್ದೆ. ಈ ಬುಟ್ಟಿ ಹುಡುಗಿ ಹೊರೆ ಹೊತ್ತುಕೊಂಡೇ ನೋಡುವವಳು. ಎಂಟು ವರ್ಷದಿಂದ ಜಪಾನಿನ ಫಿಗರುಗಳನ್ನು ನೋಡುತ್ತಿದ್ದೇನೆ, ಕತ್ತಿ ಹಿಡಿದವರು, ಹಾರುವವರು, ಒದೆಯುವವರು. ತಲೆಯ ಮೇಲಿನ ಭಾರ ಕಣ್ಣಿನವರೆಗೆ ಬಂದದ್ದು ಇದರಲ್ಲೇ ನೋಡಿದ್ದು.

ಒಂದು ದೋಷ ಉಳಿದಿದೆ. ಬಲಗಾಲಿನ ಕಿರುಬೆರಳಿನ ಉಗುರಿನ ಬಣ್ಣ ಬೆರಳಿಗೆ ತುಸು ಹರಿದಿದೆ. ಬರೆಯದೆ ಬಿಟ್ಟರೆ ನಿಮ್ಮ ಮಗಳು ಮತ್ತೆ ಜಾಗ ವಾಪಸ್ ಕೊಡುತ್ತಾಳೆ ಅಂತ ಬರೆದಿದ್ದೇನೆ.

ನಮ್ಮ ಕಡೆಯಿಂದ ಹೊಸಬರ ಮೇಜಿಗೆ ಹೋಗುವುದು ಇದು. ಇದು ಪರಿಹಾರ ಅಲ್ಲ, ಆಯ್ಕೆ. ಬಂದವುಗಳಲ್ಲಿ ಇದೇ ಚೆನ್ನ. ಬೊಂಬೆಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತೇನೆ. ಸ್ವಾತಿಯವರೂ ಬರಬೇಕು, ಮೇಜಿನ ಹಿಂದೆ ಮಾಡಿದವರು ನಿಲ್ಲಬೇಕೆಂಬ ನಿಯಮ ಇದೆ.

ಪೂರ್ಣೇಶ್

*

ಸಾಗರ
20-10-2025

ಪೂರ್ಣೇಶ್ ಅವರಿಗೆ,

ನಿಮ್ಮ ಪತ್ರವನ್ನು ವಾಸಪ್ಪ ನೇರ ಪಂಕ್ಚರ್ ಅಂಗಡಿಗೇ ಒಯ್ದು ಕೊಟ್ಟನಂತೆ. ನಮ್ಮನೆಯವರು ಅಲ್ಲೇ ಬಿಚ್ಚಿ, ಟಯರು ಬಿಚ್ಚಿಸಿಕೊಂಡು ಕೂತಿದ್ದವರಿಗೆಲ್ಲ ಓದಿ ಹೇಳಿದ್ದಾರೆ. ಹೊರೆ ಇಳಿಸಿ ಅಳೆದಿದ್ದೆ ಅನ್ನುವ ಸಾಲನ್ನು ಎರಡು ಸಲ. ಒಬ್ಬರಿಗೆ ಹೊತ್ತಾಯಿತು ಅಂತ ಸಿಟ್ಟು ಬಂತಂತೆ. "ಸಿಟ್ಟಾದ್ರೆ ಆಗ್ಲಿ, ಟ್ಯೂಬು ಎಲ್ಲಿಗೂ ಹೋಗುದಿಲ್ಲ" ಅಂದರಂತೆ ಇವರು. ಮನೆಗೆ ಬಂದಾಗ ಪತ್ರದ ತುಂಬ ಗ್ರೀಸು. ಆದರೂ ಮಡಿಸಿ ದೇವರ ಫೋಟೋದ ಹಿಂದೆ ಇಟ್ಟಿದ್ದೇನೆ.

ಸ್ವಾತಿಗೆ ಭಾನುವಾರ ತೋರಿಸಿದೆವು. ಓದಿದಳು. ಹೂಂ ಅಂದಳು. ಅಷ್ಟೇ. ಏನೇ ನಿಂದು ಅಂದೆ. "ಕಿರುಬೆರಳಿನ ಉಗುರು ನಿಜ. ಕಂಡುಹಿಡಿದ್ರಲ್ಲ" ಅಂದಳು. ಆಮೇಲೆ ಬಚ್ಚಲಿಗೆ ಹೋದವಳು ನೀರು ಬಿಟ್ಟುಕೊಂಡು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಸೋಪು ಹೋಯಿತು ಅಂದಳು. ನಾನು ಹೌದು ಹೌದು ಅಂದೆ.

ಬೆಂಗಳೂರಿಗೆ ಬರುತ್ತಾಳೆ. ಮಂಜುನಾಥಪ್ಪನವರು ರಜೆ ಕೊಟ್ಟಿದ್ದಾರೆ, ಲ್ಯಾಬಿನ ಹೆಸರು ಹೇಳಮ್ಮ ಅಂತ ಬೇರೆ ಹೇಳಿದ್ದಾರೆ. ನಾನೂ ಬರುವುದೋ ಬೇಡವೋ ಅಂತ ಯೋಚನೆ. ಅಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನಾನು ಎಲ್ಲಿ ನೋಡಲಿ? "ನೀನು ಬಾ ಅಮ್ಮ, ಸುಮ್ನೆ ನಿಂತ್ಕೋ. ಬೊಂಬೆ ನಿಂತ್ಕೊಳ್ತದಲ್ಲ" ಅಂದಳು. ಹೊಸ ಸೀರೆಗೆ ಫಾಲ್ಸ್ ಹಾಕಿಸಲಿಕ್ಕೆ ಕೊಟ್ಟಿದ್ದೇನೆ. ಕೊಟ್ಟ ಮೇಲೆ ಬಣ್ಣ ಜಾಸ್ತಿ ಆಯಿತೇನೋ ಅಂತ ಹೋಗಿ ಮತ್ತೊಮ್ಮೆ ನೋಡಿ ಬಂದೆ.

ಇನ್ನು ಒಂದು ಮಾತು. ಇದು ಸ್ವಾತಿಗೂ ಗೊತ್ತು, ಈ ಸಲ ಯಾವ ಮುಚ್ಚುಮರೆಯೂ ಇಲ್ಲ. ಭೂಮಿ ಹುಣ್ಣಿಮೆಯ ಮುಂಚಿನ ದಿನ ನಾನು ಮನೆಯ ಬುಟ್ಟಿಗೆ ಚಿತ್ತಾರ ಬರೆಯುತ್ತಾ ಕೂತಿದ್ದೆ. ಅವಳು ಪಕ್ಕದಲ್ಲಿ ಬೊಂಬೆಯ ತಲೆಗೆ ಕೊನೆಯ ಬಣ್ಣ ಹಾಕುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಆ ಪುಟ್ಟ ಬುಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, ತನ್ನ ಕೂದಲೆಳೆ ಕುಂಚ ಕೊಟ್ಟಳು. "ಒಳಗಡೆ, ಬಾಯಿಯ ಸುತ್ತ ಒಂದು ಎಳೆ ಬರಿ ಅಮ್ಮ. ಅದು ನಂಗೆ ಬರುದಿಲ್ಲ" ಅಂದಳು. ಸುಳ್ಳು. ಹೊರಗೆ ಅಷ್ಟೆಲ್ಲ ಬರೆದವಳಿಗೆ ಒಳಗಿನ ಒಂದು ಎಳೆ ಬರುವುದಿಲ್ಲವೇ? ನಾನು ಬೇಡ, ಕೈ ನಡುಗುತ್ತದೆ, ಹಾಳಾಗುತ್ತದೆ ಅಂದೆ. "ಹಾಳಾದ್ರೆ ಹೊಸ ಬುಟ್ಟಿ ಮಾಡ್ತೀನಿ. ಬರಿ" ಅಂದಳು.

ಉಸಿರು ಹಿಡಿದು ಎಳೆದೆ. ಪಾತ್ರೆ ಸದ್ದು ಮಾಡಬೇಡಿ ಅಂತ ನಮ್ಮನೆಯವರಿಗೆ ಹೇಳಿದ್ದು ಈ ಸಲ ಅವಳು. ಮುಗಿದ ಮೇಲೆ ಅವಳು ನೋಡಿ ಒಣಗಲಿಕ್ಕೆ ಇಟ್ಟಳು.

ನೀವು ಎಲ್ಲವನ್ನೂ ನೋಡಿ ಬರೆದಿದ್ದೀರಿ, ಕಿರುಬೆರಳನ್ನೂ ಬಿಟ್ಟಿಲ್ಲ. ಬುಟ್ಟಿಯ ಒಳಗಿನದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಚೆನ್ನಾಗಿ ಬಂದಿದ್ದಕ್ಕೆ ಬರೆಯಲಿಲ್ಲವೋ, ಕೆಟ್ಟಿದ್ದನ್ನು ಬರೆದರೆ ನಾನು ಹೆದರುತ್ತೇನೆ ಅಂತ ಬಿಟ್ಟಿರೋ, ಕಾಣಲೇ ಇಲ್ಲವೋ, ಮೂರು ದಿನದಿಂದ ಇದೇ ಯೋಚನೆ. ಸುತ್ತು ಬಂದು ಮೊದಲು ಹಿಡಿದ ಕಡೆ ಸೇರುವಲ್ಲಿ, ಬೊಂಬೆಯ ಬೆನ್ನಿನ ಕಡೆಗೆ, ಎಳೆ ಒಂಚೂರು ದಪ್ಪ ಆಯಿತೇನೋ ಅಂತ ನನಗೆ ಅನುಮಾನ. ಬೊಂಬೆಯನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಆ ಜಾಗವನ್ನು ಕಿಟಕಿಯ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ ಬರೆಯುತ್ತೀರಾ?

ಮಹಾಲಕ್ಷ್ಮೀ